ಗೌರಿಬಿದನೂರಿನಿಂದ ಕಾಠ್ಮಂಡುಗೆ ಥಿನ್ನರ್ ಲೋಡು: ಹೊರಡುವ ಮುಂಚೆ ಏನೇನು ನೋಡಬೇಕು?

ಪ್ರಶ್ನೆ: ಗೌರಿಬಿದನೂರು ಕೈಗಾರಿಕಾ ಪ್ರದೇಶದಲ್ಲಿ ಮರದ ಪಾಲಿಶ್, ಥಿನ್ನರ್ ತಯಾರಿಸುವ ಸಣ್ಣ ಘಟಕ ನಮ್ಮದು. ಕಾಠ್ಮಂಡುವಿನ ಫರ್ನಿಚರ್ ವ್ಯಾಪಾರಿಯೊಬ್ಬರು 20 ಲೀಟರಿನ 40 ಟಿನ್ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್, 20 ಟಿನ್ ಲ್ಯಾಕರ್ ಕೇಳಿದ್ದಾರೆ. ಮರ ಬಿಳುಪು ಮಾಡಲು 50% ಹೈಡ್ರೋಜನ್ ಪೆರಾಕ್ಸೈಡ್ 4 ಕ್ಯಾನ್ (30 ಲೀಟರಿನವು), ಜೊತೆಗೆ 4 ಇನ್ವರ್ಟರ್ ಬ್ಯಾಟರಿಯೂ ಬೇಕಂತೆ. ನಮ್ಮದೇ ಪಿಕಪ್ ವ್ಯಾನ್ ಇದೆ. ಮುಚ್ಚಿದ ಬಾಡಿ, 1,500 ಕೆ.ಜಿ. ಹೊರುತ್ತದೆ. ದಸರಾಗೆ ಮುಂಚೆ ತಲುಪಿಸಬೇಕು. ನಾನೇ ಓಡಿಸಿಕೊಂಡು ಹೋಗಿ, ಅಮ್ಮನಿಗೂ ಪಶುಪತಿನಾಥನ ದರ್ಶನ ಮಾಡಿಸೋಣ ಅಂತಿದ್ದೇನೆ. ಜರ್ಮನಿಯಲ್ಲಿ ವ್ಯಾನ್ ಓಡಿಸುವ ನನ್ನ ಭಾವಮೈದ, ಸಣ್ಣ ವ್ಯಾನಿಗೆ ಅಪಾಯಕಾರಿ ಸರಕಿನ ನಿಯಮ ಅನ್ವಯಿಸಲ್ಲ ಅನ್ನುತ್ತಾನೆ. ಗಡಿಯಲ್ಲಿರುವ ಏಜೆಂಟ್ ಒಬ್ಬರು, ‘ಬಿಲ್ಲಿನಲ್ಲಿ ಫರ್ನಿಚರ್ ಸಾಮಾನು ಅಂತ ಬರೆಯಿರಿ, ಸುಲಭವಾಗುತ್ತೆ’ ಅಂದರು. ಹೇಗೆ ಯೋಜನೆ ಮಾಡಲಿ?

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಏಜೆಂಟ್ ಹೇಳಿದ ಹಾಗೆ ದಯವಿಟ್ಟು ಮಾಡಬೇಡಿ. ಆ ಒಂದು ಸಾಲು ಬರೆದರೆ ಉಳಿದ ಎಲ್ಲ ತಯಾರಿಯೂ ನೀರಿನಲ್ಲಿ ಹೋಮ ಮಾಡಿದ ಹಾಗೆ.

ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2021ರ ಫೆಬ್ರುವರಿಯಲ್ಲಿ ಪೇರೇಸಂದ್ರದ ಹತ್ತಿರ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಕಡ್ಡಿಗಳು ಸ್ಫೋಟಿಸಿ ಆರು ಮಂದಿ ಸತ್ತರು. ಅಕ್ರಮವಾಗಿ ಇಟ್ಟಿದ್ದ ಸರಕನ್ನು ರಾತ್ರಿ ವೇಳೆ ಯಾರಿಗೂ ಗೊತ್ತಾಗದ ಹಾಗೆ ವಿಲೇವಾರಿ ಮಾಡಲು ಹೋಗಿದ್ದರು. ಇನ್ನೊಂದು ಘಟನೆ ನೀವು ಹೋಗಬೇಕಾದ ರಸ್ತೆಯಲ್ಲೇ ಆಗಿದ್ದು. 2025ರ ಅಕ್ಟೋಬರ್ 24ರ ನಸುಕಿನಲ್ಲಿ, ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಸ್ಲೀಪರ್ ಬಸ್ಸು ಕರ್ನೂಲಿನ ಹತ್ತಿರ ಸುಟ್ಟುಹೋಯಿತು. ಬಸ್ಸಿನಡಿ ಬೈಕ್ ಸಿಕ್ಕಿಕೊಂಡು ಹೊತ್ತಿದ ಬೆಂಕಿ ಅದು. ಆದರೆ ಲಗೇಜ್ ಜಾಗದಲ್ಲಿ 234 ಸ್ಮಾರ್ಟ್‌ಫೋನ್‌ಗಳ ಪಾರ್ಸೆಲ್ ಇತ್ತು, ಅವುಗಳ ಬ್ಯಾಟರಿ ಸಿಡಿದು ಉರಿ ಇನ್ನೂ ಜೋರಾಯಿತು ಅಂತ ಪರಿಶೀಲಿಸಿದವರು ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ಮೇಲೆ ಮಲಗಿದ್ದವರಿಗೆ ಕೆಳಗೆ ಏನಿದೆ ಅಂತ ಗೊತ್ತಿರಲಿಲ್ಲ.

ಅಪಾಯಕಾರಿ ಸರಕು ಸಾಗಿಸುವುದೇ ತಪ್ಪಲ್ಲ. ಥಿನ್ನರ್ ಇಲ್ಲದೆ ಮರಗೆಲಸ ನಡೆಯಲ್ಲ, ಅದು ದಿನಾ ಊರಿಂದೂರಿಗೆ ಹೋಗುತ್ತಲೇ ಇದೆ. ಆದರೆ ಗಾಡಿಯ ಹಿಂದೆ ಏನಿದೆ ಅನ್ನುವುದು ಓಡಿಸುವವನಿಗೆ ಗೊತ್ತಿರಬೇಕು. ಆಮೇಲೆ ಗುರುತು ಪರಿಚಯ ಇಲ್ಲದ ಊರಿನಲ್ಲಿ ನೀರಿನ ಪೈಪ್ ಹಿಡಿದು ಓಡಿ ಬರುವ ಅಗ್ನಿಶಾಮಕದ ಹುಡುಗನಿಗೂ ಗೊತ್ತಾಗಬೇಕು. ಅವನಿಗೆ ‘ಫರ್ನಿಚರ್ ಸಾಮಾನು’ ಅಂತ ಕಾಗದ ತೋರಿಸಿದರೆ ಅವನು ನೀರು ಹಾರಿಸುತ್ತಾನೆ. ಥಿನ್ನರ್ ನೀರಿನ ಮೇಲೆ ತೇಲಿಕೊಂಡು ಉರಿಯುತ್ತಲೇ ಚರಂಡಿಗೆ ಹರಿಯುತ್ತದೆ. ನಾನು ಮುಂದೆ ಹೇಳುವ ಎಲ್ಲ ಕಾಗದ, ಫಲಕ, ಚೀಟಿ ಇರುವುದು ಅವನಿಗಾಗಿ ಅಂತ ಇಟ್ಟುಕೊಂಡು ಓದಿ.

ಭಾವಮೈದನ ಮಾತಿಗೆ ಬರೋಣ. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅರ್ಧ ಮಾತ್ರ. ಯುರೋಪಿನಲ್ಲಿ ಎಡಿಆರ್ ಅನ್ನುವ ಒಪ್ಪಂದ ಇದೆ. 1957ರಲ್ಲಿ ಜಿನೀವಾದಲ್ಲಿ ಆಗಿದ್ದು, 1968ರಲ್ಲಿ ಜಾರಿಗೆ ಬಂತು. ಎರಡು ವರ್ಷಕ್ಕೊಮ್ಮೆ ತಿದ್ದುತ್ತಾರೆ. ಅದರಲ್ಲಿ ಗಾಡಿಯ ಗಾತ್ರದ ಮೇಲೆ ವಿನಾಯಿತಿ ಇಲ್ಲ, ಸರಕಿನ ಪ್ರಮಾಣದ ಮೇಲೆ ಇದೆ. 1,000 ಅಂಕದ ಲೆಕ್ಕ ಅದು. ನಿಮ್ಮ ಥಿನ್ನರಿನಂಥ ಮಧ್ಯಮ ಅಪಾಯದ ದ್ರವಕ್ಕೆ ಲೀಟರಿಗೆ 3 ಅಂಕ. ಅಂದರೆ 333 ಲೀಟರಿನವರೆಗೆ ಹಲವು ಷರತ್ತುಗಳಿಂದ ಬಿಡುಗಡೆ ಸಿಗುತ್ತದೆ. ಆಗಲೂ 2 ಕೆ.ಜಿ.ಯ ಬೆಂಕಿ ನಂದಿಸುವ ಸಿಲಿಂಡರ್, ಸರಿಯಾದ ಪ್ಯಾಕಿಂಗ್, ಕಾಗದ ಬೇಕೇ ಬೇಕು. ನಿಮ್ಮದು ಥಿನ್ನರ್, ಲ್ಯಾಕರ್ ಸೇರಿ 1,200 ಲೀಟರ್. ಮೂರರಿಂದ ಗುಣಿಸಿದರೆ 3,600 ಅಂಕ. ಇದೇ ಲೋಡನ್ನು ಜರ್ಮನಿಯಲ್ಲಿ ತುಂಬಿದರೆ ನಿಮ್ಮ ಭಾವಮೈದನಿಗೆ ಎಡಿಆರ್ ತರಬೇತಿಯ ಸರ್ಟಿಫಿಕೇಟ್ ಬೇಕು, ಗಾಡಿಯ ಹಿಂದೆ ಮುಂದೆ ಕಿತ್ತಳೆ ಬಣ್ಣದ ಫಲಕ ಬೇಕು. ಅವರನ್ನೇ ಒಮ್ಮೆ ಕೇಳಿ ನೋಡಿ.

ಭಾರತವಾಗಲಿ ನೇಪಾಳವಾಗಲಿ ಆ ಒಪ್ಪಂದದಲ್ಲಿ ಇಲ್ಲ. ನಮಗೆ ಅನ್ವಯಿಸುವುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು. ಇಲ್ಲಿ ಬಹಳ ಜನ ಎಡವುತ್ತಾರೆ. ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ, ನಿಜ. ಅದನ್ನೇ ಹಿಡಿದುಕೊಂಡು ‘ನಮ್ಮ ಗಾಡಿಗೆ ಯಾವ ನಿಯಮವೂ ಇಲ್ಲ’ ಅಂದುಕೊಳ್ಳುತ್ತಾರೆ. ಪರ್ಮಿಟ್ ಬೇರೆ, ಅಪಾಯಕಾರಿ ಸರಕಿನ ನಿಯಮ ಬೇರೆ. ಲೈಸೆನ್ಸ್ ವಿಷಯವೂ ಹಾಗೇ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟ್, ಎಲ್‌ಎಂವಿ, ಅಂದರೆ ಲಘು ಮೋಟಾರು ವಾಹನದ ಲೈಸೆನ್ಸ್ ಇದ್ದವರು 7,500 ಕೆ.ಜಿ.ವರೆಗಿನ ಸಾರಿಗೆ ವಾಹನ ಓಡಿಸಬಹುದು ಅಂತ ತೀರ್ಪು ಕೊಟ್ಟಿತು. ವಾಟ್ಸಾಪಿನಲ್ಲಿ ಅಷ್ಟೇ ಓಡಾಡಿತು. ಅದೇ ತೀರ್ಪಿನಲ್ಲಿ, ಅಪಾಯಕಾರಿ ಸರಕು ಸಾಗಿಸುವ ಗಾಡಿಗಳಿಗೆ ಇರುವ ವಿಶೇಷ ಅರ್ಹತೆ ಹಾಗೇ ಮುಂದುವರಿಯುತ್ತದೆ ಅಂತಲೂ ಹೇಳಿದೆ.

ಆ ಅರ್ಹತೆ ಏನು ಅಂದರೆ, 9ನೇ ನಿಯಮದ ಪ್ರಕಾರ ಚಾಲಕನಿಗೆ ಒಂದು ಭಾರತೀಯ ಭಾಷೆ ಮತ್ತು ಇಂಗ್ಲಿಷ್ ಓದಲು ಬರೆಯಲು ಬರಬೇಕು. ಮಾನ್ಯತೆ ಪಡೆದ ಸಂಸ್ಥೆಯಲ್ಲಿ 3 ದಿನದ ತರಬೇತಿ ಆಗಿರಬೇಕು. ಅದರ ಸರ್ಟಿಫಿಕೇಟ್ ತೋರಿಸಿ ಆರ್‌ಟಿಒದಲ್ಲಿ ಲೈಸೆನ್ಸಿನ ಮೇಲೆ ನಮೂದು ಮಾಡಿಸಬೇಕು. 2019ರ ತಿದ್ದುಪಡಿ ಆದ ಮೇಲೆ ಇದರ ಅವಧಿ 3 ವರ್ಷ. ಆ ಮೂರು ದಿನ ಸುಮ್ನೆ ಸಹಿ ಹಾಕಿ ಬರುವ ದಿನಗಳಲ್ಲ. ಯಾವ ರಾಸಾಯನಿಕ ಯಾವುದರ ಜೊತೆ ಸೇರಬಾರದು, ಸೋರಿದರೆ ಮೊದಲು ಏನು ಮಾಡಬೇಕು ಅಂತ ಹೇಳಿಕೊಡುತ್ತಾರೆ. ನೀವೇ ಓಡಿಸುವುದಾದರೆ ನೀವೇ ಹೋಗಿ ಕಲಿಯಿರಿ. ಮಾಲೀಕರೇ ಕಲಿತ ಘಟಕದಲ್ಲಿ ಕೆಲಸದ ರೀತಿಯೇ ಬದಲಾಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈಗ ಲೋಡಿನ ಬಗ್ಗೆ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ದಾರಿ ತಪ್ಪಿದರೆ ವಾಪಸ್ ಬರಬಹುದು, ಲೋಡು ತಪ್ಪಿದರೆ ವಾಪಸ್ ಬರುವುದಕ್ಕೆ ಆಗಲ್ಲ.

ಮೊದಲು ನಿಮ್ಮ ಪ್ರತಿ ಸರಕಿನ ಎಸ್‌ಡಿಎಸ್, ಅಂದರೆ ಸುರಕ್ಷತಾ ಮಾಹಿತಿ ಪತ್ರ ತೆಗೆಯಿರಿ. 16 ಭಾಗ ಇರುತ್ತವೆ. 14ನೇ ಭಾಗ ಸಾಗಣೆಯದು. ಯುಎನ್ ಸಂಖ್ಯೆ (ಅಪಾಯಕಾರಿ ಸರಕಿಗೆ ವಿಶ್ವಸಂಸ್ಥೆ ಕೊಟ್ಟ ನಾಲ್ಕಂಕಿಯ ಗುರುತು), ಅಪಾಯದ ವರ್ಗ, ಪ್ಯಾಕಿಂಗ್ ಗುಂಪು (ಅಪಾಯ ಎಷ್ಟು ತೀವ್ರ ಅನ್ನುವ ಮಟ್ಟ) ಎಲ್ಲ ಅಲ್ಲೇ ಸಿಗುತ್ತದೆ. ಪೇಂಟ್, ಲ್ಯಾಕರ್, ಥಿನ್ನರ್ ಸಾಮಾನ್ಯವಾಗಿ ಯುಎನ್ 1263ರ ಅಡಿ ಬರುತ್ತವೆ, 3ನೇ ವರ್ಗ, ಅಂದರೆ ಬೇಗ ಹೊತ್ತಿಕೊಳ್ಳುವ ದ್ರವ. 50% ಹೈಡ್ರೋಜನ್ ಪೆರಾಕ್ಸೈಡ್ ಯುಎನ್ 2014. ಅದು 5.1ನೇ ವರ್ಗ, ತಾನೇ ಆಮ್ಲಜನಕ ಬಿಟ್ಟು ಬೆಂಕಿಗೆ ಬಲ ಕೊಡುವಂಥದ್ದು. ಮೈ ಕೈ ಸುಡುವ ಗುಣವೂ ಇದೆ. ಆಸಿಡ್ ತುಂಬಿದ ಬ್ಯಾಟರಿ ಯುಎನ್ 2794, 8ನೇ ವರ್ಗ.

ಈ ಮೂರನ್ನೂ ಒಂದೇ ಮುಚ್ಚಿದ ಬಾಡಿಯಲ್ಲಿ ಇಡುವ ಯೋಚನೆ ಬಿಟ್ಟುಬಿಡಿ. ಬೆಂಕಿಗೆ ಬೇಕಾದ್ದು ಮೂರು: ಉರಿಯುವ ವಸ್ತು, ಆಮ್ಲಜನಕ, ಕಿಡಿ. ಥಿನ್ನರ್ ಉರಿಯುತ್ತದೆ, ಪೆರಾಕ್ಸೈಡ್ ಆಮ್ಲಜನಕ ಕೊಡುತ್ತದೆ, ಬ್ಯಾಟರಿಯ ಎರಡು ತುದಿಗೆ ಒಂದು ಕಬ್ಬಿಣದ ಪಟ್ಟಿ ತಾಗಿದರೆ ಕಿಡಿ ಹಾರುತ್ತದೆ. ಮೂರನ್ನೂ ನೀವೇ ಒಟ್ಟಿಗೆ ಕೂರಿಸಿ ಬೀಗ ಹಾಕಿದಂತೆ ಆಯಿತು, ಅಲ್ವಾ? ಇನ್ನೊಂದು ಮಾತು. ಮರಗೆಲಸದ ಕಡೆ ಏನೇ ಚೆಲ್ಲಿದರೂ ಮರದ ಹೊಟ್ಟು ಸುರಿದು ಒರೆಸುವ ಅಭ್ಯಾಸ ಇದೆ. ಪೆರಾಕ್ಸೈಡ್ ಮೇಲೆ ಮರದ ಹೊಟ್ಟು, ಗೋಣಿ ತಾಟು, ಹಳೇ ಬಟ್ಟೆ ಹಾಕಿದರೆ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಆದ್ದರಿಂದ ಪೆರಾಕ್ಸೈಡನ್ನು ಈ ಗಾಡಿಯಲ್ಲಿ ಕಳಿಸಬೇಡಿ, ಬೇರೆ ಲೋಡಾಗಿ ಬೇರೆ ದಿನ ಹೋಗಲಿ. ಬ್ಯಾಟರಿಯನ್ನಂತೂ ಕಾಠ್ಮಂಡುವಿನಲ್ಲೇ ಕೊಳ್ಳಲು ಹೇಳಿ. ಅಲ್ಲಿನ ಅಂಗಡಿಗಳಲ್ಲಿ ಸಿಗುವ ವಸ್ತು ಅದು.

ತೂಕದ ಲೆಕ್ಕವೂ ಇದನ್ನೇ ಹೇಳುತ್ತದೆ. ಥಿನ್ನರ್ 800 ಲೀಟರ್, ಲೀಟರಿಗೆ 0.85 ಕೆ.ಜಿ. ಹಿಡಿದರೆ 680 ಕೆ.ಜಿ. ಲ್ಯಾಕರ್ ಸುಮಾರು 380. ಖಾಲಿ ಟಿನ್ನುಗಳದ್ದೇ 70ರ ಹತ್ತಿರ. ಪೆರಾಕ್ಸೈಡ್ 145, ಬ್ಯಾಟರಿ 230. ಒಟ್ಟು 1,500 ಮುಟ್ಟಿತು. ಇನ್ನು ಮರದ ಪ್ಯಾಲೆಟ್, ಮರಳಿನ ಚೀಲ, ಬೆಂಕಿ ನಂದಿಸುವ ಸಿಲಿಂಡರ್, ಹಗ್ಗ, ಇಬ್ಬರ ಸಾಮಾನು ಎಲ್ಲಿಗೆ? ಪೆರಾಕ್ಸೈಡ್, ಬ್ಯಾಟರಿ ಇಳಿಸಿದರೆ 1,130 ಕೆ.ಜಿ. ಆಗುತ್ತದೆ. ಘಟ್ಟ ಹತ್ತುವ ಗಾಡಿಗೆ, ಅದಕ್ಕಿಂತ ಮುಖ್ಯವಾಗಿ ಇಳಿಯುವ ಗಾಡಿಯ ಬ್ರೇಕಿಗೆ, ಅದು ಒಳ್ಳೆಯ ತೂಕ.

ಟಿನ್ ತುಂಬುವುದಕ್ಕೂ ಒಂದು ಲೆಕ್ಕ ಇದೆ. ಇಂಥ ದ್ರಾವಕಗಳು ಒಂದು ಡಿಗ್ರಿ ಬಿಸಿಯಾದರೆ ಸಾವಿರದಲ್ಲಿ ಒಂದು ಪಾಲಿನಷ್ಟು ಹಿಗ್ಗುತ್ತವೆ. ಗೌರಿಬಿದನೂರಿನಲ್ಲಿ ಬೆಳಗಿನ ಜಾವ 20 ಡಿಗ್ರಿಯಲ್ಲಿ ತುಂಬಿದ್ದೀರಿ ಅಂದುಕೊಳ್ಳಿ. ನಾಗ್ಪುರದ ಬಿಸಿಲಿನಲ್ಲಿ ಮುಚ್ಚಿದ ಬಾಡಿಯ ಒಳಗೆ 55 ಡಿಗ್ರಿ ಆಗುವುದು ಕಷ್ಟವಲ್ಲ. 20 ಲೀಟರಿನ ಟಿನ್ನಿನಲ್ಲಿ ಮುಕ್ಕಾಲು ಲೀಟರ್ ಹಿಗ್ಗುತ್ತದೆ. ಕಂಠಪೂರ್ತಿ ತುಂಬಿದ್ದರೆ ಅದು ಎಲ್ಲಿ ಹೋಗಬೇಕು? ಮುಚ್ಚಳದ ಪಕ್ಕದಿಂದಲೇ. ಹಾಗಾಗಿ ಒಂದು ಲೀಟರಿನಷ್ಟು ಜಾಗ ಖಾಲಿ ಬಿಡಿ, ಬಿಲ್ಲಿನಲ್ಲೂ 19 ಲೀಟರ್ ಅಂತಲೇ ಬರೆಯಿರಿ. ಟಿನ್ನಿನ ಮೇಲೆ ವೃತ್ತದೊಳಗೆ ಯುಎನ್ ಗುರುತು ಇರಬೇಕು. ಅದರ ಪಕ್ಕದ ಅಕ್ಷರ ಎಕ್ಸ್ ಅಥವಾ ವೈ ಆಗಿದ್ದರೆ ನಿಮ್ಮ ಥಿನ್ನರಿಗೆ ನಡೆಯುತ್ತದೆ, ಜೆಡ್ ಆಗಿದ್ದರೆ ಇಲ್ಲ. ಹಳೇ ಟಿನ್ ತೊಳೆದು ತುಂಬುವ ಪದ್ಧತಿ ಈ ಪ್ರಯಾಣಕ್ಕೆ ಬೇಡ.

ಸೋರಿದರೆ ಎಷ್ಟು ಸೋರಿದರೆ ಅಪಾಯ? ಇದನ್ನು ನಾನು ತರಬೇತಿಯಲ್ಲಿ ಯಾವಾಗಲೂ ಕೇಳುತ್ತಿದ್ದೆ. ‘ಒಂದು ಟಿನ್’, ‘ಎರಡು ಟಿನ್’ ಅನ್ನುವವರೇ ಜಾಸ್ತಿ. ಥಿನ್ನರಿನಲ್ಲಿ ಮುಖ್ಯವಾಗಿ ಇರುವ ಟಾಲುಯೀನ್ ತೆಗೆದುಕೊಳ್ಳಿ. ಅದು 4 ಡಿಗ್ರಿಯಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಮೂರು ಪಟ್ಟು ಭಾರ, ಮೇಲೆ ಹೋಗದೆ ನೆಲದಲ್ಲೇ ಹರಿದಾಡುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದು ಪಾಲು ಚಿಲ್ಲರೆ ಸೇರಿದರೆ ಸಾಕು, ಕಿಡಿಗೆ ಹೊತ್ತಿಕೊಳ್ಳುತ್ತದೆ. ನಿಮ್ಮ ಪಿಕಪ್ಪಿನ ಬಾಡಿಯ ಒಳಗಿನ ಜಾಗ ಏಳೆಂಟು ಘನ ಮೀಟರ್ ಇರಬಹುದು. ಅಷ್ಟೂ ಗಾಳಿಯನ್ನು ಹೊತ್ತಿಕೊಳ್ಳುವ ಗಾಳಿ ಮಾಡಲು ಅರ್ಧ ಲೀಟರಿಗಿಂತ ಕಡಿಮೆ ಸಾಕು. ಒಂದು ಸಣ್ಣ ಚೊಂಬು. ಆದ್ದರಿಂದ ಬಾಡಿಯ ಕೆಳಭಾಗದಲ್ಲಿ, ಎದುರುಬದುರಾಗಿ, ಜಾಲರಿ ಹಾಕಿದ ಕಿಂಡಿಗಳು ಇರಲೇಬೇಕು. ಮೇಲೆ ಮಾತ್ರ ಕಿಂಡಿ ಇಟ್ಟರೆ ಪ್ರಯೋಜನ ಇಲ್ಲ. ಒಳಗೆ ವೈರಿಂಗ್, ಬಲ್ಬು ಇದ್ದರೆ ತೆಗೆಸಿಬಿಡಿ.

ಈ ಪಾಠ ನನಗೆ ಪುಸ್ತಕದಿಂದ ಬಂದದ್ದಲ್ಲ. ಬಹಳ ವರ್ಷಗಳ ಹಿಂದೆ, ಮೇ ತಿಂಗಳಲ್ಲಿ, ನಾನು ಸಲಹೆ ಕೊಡುತ್ತಿದ್ದ ಒಂದು ಘಟಕದಿಂದ ಥಿನ್ನರ್ ಗಾಡಿ ಉತ್ತರಕ್ಕೆ ಹೊರಟಿತ್ತು. ಆದಿಲಾಬಾದ್ ದಾಟಿ ಮಧ್ಯಾಹ್ನ ಮರದ ನೆರಳಿಗೆ ನಿಲ್ಲಿಸಿದ್ದಾರೆ. ಕ್ಲೀನರ್ ಹುಡುಗ ಗಾಡಿಯ ಪಕ್ಕದಲ್ಲೇ ಪಂಪ್ ಸ್ಟೌ ಹಚ್ಚಿ ಅನ್ನಕ್ಕೆ ಇಟ್ಟಿದ್ದಾನೆ. ಹತ್ತು ಅಡಿ ದೂರ ಇತ್ತಂತೆ. ವಾಸನೆ ಬರುತ್ತಿತ್ತು, ‘ಪೇಂಟ್ ಗಾಡಿ ಅಂದಮೇಲೆ ವಾಸನೆ ಇರುತ್ತೆ’ ಅಂದುಕೊಂಡರಂತೆ. ಒಂದು ಟಿನ್ನಿನ ಮುಚ್ಚಳ ಉಬ್ಬಿ ತೊಟ್ಟಿಕ್ಕುತ್ತಿತ್ತು. ಉರಿ ಸ್ಟೌವಿನಿಂದ ನೆಲದ ಮೇಲೆ ಓಡಿ ಗಾಡಿಯ ಕೆಳಗೆ ಹೋಯಿತು. ಡ್ರೈವರ್ ಮರಳು ಎರಚಿ ಹೇಗೋ ಆರಿಸಿದ, ಹುಡುಗನ ಎರಡೂ ಕೈ ಸುಟ್ಟಿದ್ದವು. ಆಮೇಲೆ ವಿಚಾರಿಸಿದರೆ, ಹಿಂದೆ ಏನಿದೆ ಅಂತ ಒಂದು ಚೀಟಿಯನ್ನೂ ಅವರ ಕೈಗೆ ಕೊಟ್ಟಿರಲಿಲ್ಲ. ಆ ಹುಡುಗನ ಕೈ ನೆನಪಾದರೆ ಈಗಲೂ ಸಂಕಟ ಆಗುತ್ತದೆ. ಆ ಚೀಟಿ ಕೊಡಿಸುವ ಜವಾಬ್ದಾರಿ ನನ್ನದೂ ಆಗಿತ್ತು.

ಹಾಗಾಗಿ ಅಡುಗೆ ಗಾಡಿಯ ಹತ್ತಿರ ಬೇಡವೇ ಬೇಡ, ಡಾಬಾದಲ್ಲೇ ಊಟ. ಬೀಡಿ ಸಿಗರೇಟು ಬೇಡ. ಇನ್ನೊಂದು ಮಾತು ಹೇಳಲೇಬೇಕು. ಬೆಳಿಗ್ಗೆ ಗಾಡಿ ತೆಗೆಯುವಾಗ ಊದುಬತ್ತಿ ಹಚ್ಚಿ, ಕರ್ಪೂರ ಬೆಳಗುವುದು ನಮ್ಮ ಚಾಲಕರ ಪದ್ಧತಿ. ಈ ಲೋಡು ಇರುವಷ್ಟು ದಿನ ಹೂವು, ನಿಂಬೆಹಣ್ಣು ಸಾಕು. ಹೊರಡುವ ಮುಂಚೆ ಊರಿನ ದೇವಸ್ಥಾನದಲ್ಲೇ ಪೂಜೆ ಮಾಡಿಸಿಕೊಳ್ಳಿ.

ಗಾಡಿಯ ಹೊರಗೆ ಏನಿರಬೇಕು ಅನ್ನುವುದನ್ನು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಎರಡೂ ಪಕ್ಕ ಮತ್ತು ಹಿಂದೆ, ಮೂರು ಕಡೆ ತುರ್ತು ಮಾಹಿತಿ ಫಲಕ. ಅದರಲ್ಲಿ ಸರಕಿನ ಸರಿಯಾದ ಹೆಸರು, ಯುಎನ್ ಸಂಖ್ಯೆ, ವರ್ಗದ ಚಿಹ್ನೆ, ಹ್ಯಾಜ್‌ಕೆಮ್ ಸಂಕೇತ (ಬೆಂಕಿ, ಸೋರಿಕೆಗೆ ಏನು ಮಾಡಬೇಕು ಅಂತ ಅಗ್ನಿಶಾಮಕದವರಿಗೆ ತಿಳಿಸುವ ಅಕ್ಷರ-ಅಂಕಿ), ತುರ್ತಿಗೆ ಯಾರಿಗೆ ಫೋನ್ ಮಾಡಬೇಕು ಅನ್ನುವುದು ಇರಬೇಕು. ಆ ಫೋನ್ ರಾತ್ರಿ ಎರಡು ಗಂಟೆಗೂ ಎತ್ತುವಂಥ, ಸರಕಿನ ಬಗ್ಗೆ ಗೊತ್ತಿರುವಂಥ ಮನುಷ್ಯನದಾಗಿರಲಿ. ಸೈಲೆನ್ಸರಿಗೆ ಕಿಡಿ ತಡೆಯುವ ಸ್ಪಾರ್ಕ್ ಅರೆಸ್ಟರ್, ಓಡಿದ ಸಮಯ ವೇಗ ದಾಖಲಿಸುವ ಟ್ಯಾಕೋಗ್ರಾಫ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಕೈಗವಸು, ಕನ್ನಡಕ ಇವೆಲ್ಲ ಬೇಕು. ಬೆಂಕಿ ನಂದಿಸಲು ಡ್ರೈ ಪೌಡರ್ ಸಿಲಿಂಡರ್, ಒಂದು ಕ್ಯಾಬಿನ್ನಿನಲ್ಲಿ, ದೊಡ್ಡದೊಂದು ಹೊರಗೆ ಕೈಗೆ ಸಿಗುವ ಕಡೆ. ಒಣ ಮರಳು ಎರಡು ಚೀಲ.

ಕ್ಯಾಬಿನ್ನಿನಲ್ಲಿ ಟ್ರೆಮ್ ಕಾರ್ಡ್ ಇರಬೇಕು. ಸೋರಿದರೆ, ಹೊತ್ತಿದರೆ, ಕಣ್ಣಿಗೆ ಬಿದ್ದರೆ ಏನು ಮಾಡಬೇಕು ಅಂತ ಒಂದು ಹಾಳೆಯಲ್ಲಿ ಬರೆದದ್ದು. ಇಂಗ್ಲಿಷಿನದು ಒಂದು ಇದ್ದರೆ ಸಾಲದು. ನಿಮಗಾಗಿ ಕನ್ನಡದಲ್ಲಿ ಒಂದು. ಬಾಗೇಪಲ್ಲಿ ದಾಟಿದ ಮೇಲೆ ಆದಿಲಾಬಾದಿನವರೆಗೆ ತೆಲುಗು ನಾಡು, ಅಲ್ಲಿಗೆ ತೆಲುಗಿನದು. ನಮ್ಮ ಕಡೆಯವರಿಗೆ ತೆಲುಗು ಮಾತಾಡಲು ಬರುತ್ತದೆ ನಿಜ, ಆದರೆ ಅಪಘಾತ ಆದಾಗ ಮಾತಾಡುವ ಸ್ಥಿತಿಯಲ್ಲಿ ನೀವು ಇಲ್ಲದಿರಬಹುದು. ಅಲ್ಲಿಂದ ಮುಂದಕ್ಕೆ ಹಿಂದಿ, ಗಡಿ ದಾಟಿದ ಮೇಲೆ ನೇಪಾಳಿ. ಕಾಠ್ಮಂಡುವಿನ ವ್ಯಾಪಾರಿಗೆ ಹೇಳಿದರೆ ನೇಪಾಳಿಗೆ ಅನುವಾದ ಮಾಡಿಕೊಡುತ್ತಾರೆ. ಭಾರತದಲ್ಲಿ ತುರ್ತಿಗೆ 112, ಹೆದ್ದಾರಿಯಲ್ಲಿ 1033. ನೇಪಾಳದಲ್ಲಿ ಪೊಲೀಸ್ 100, ಅಗ್ನಿಶಾಮಕ 101, ಆಂಬುಲೆನ್ಸ್ 102. ಇವನ್ನೂ ಅದೇ ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.

ಅಮ್ಮನ ವಿಷಯ. ನಿಮ್ಮ ಆಸೆ ಅರ್ಥವಾಗುತ್ತದೆ. ಆದರೆ ಈ ಕ್ಯಾಬಿನ್ನಿನಲ್ಲಿ ಕೂರಬೇಕಾದವರು ಇಬ್ಬರೇ, ತರಬೇತಿ ಆದ ಇಬ್ಬರು ಚಾಲಕರು. ಏನಾದರೂ ಆದರೆ ಅರ್ಧ ನಿಮಿಷದಲ್ಲಿ ಇಳಿದು ಗಾಳಿಗೆ ಎದುರಾಗಿ, ಅದು ಬೀಸಿ ಬರುವ ಕಡೆಗೆ ದೂರ ಓಡಬೇಕು. ವಯಸ್ಸಾದವರಿಂದ ಅದು ಆಗುವುದಿಲ್ಲ, ಅವರನ್ನು ಬಿಟ್ಟು ನೀವು ಓಡುವುದೂ ಇಲ್ಲ. ಅಮ್ಮನನ್ನು ಬೇರೆ ಸಮಯದಲ್ಲಿ ರೈಲಿನಲ್ಲೋ ವಿಮಾನದಲ್ಲೋ ಕರೆದುಕೊಂಡು ಹೋಗಿ. ಪಶುಪತಿನಾಥನ ಮುಖ್ಯ ಪೂಜೆ ಮಾಡುವ ಭಟ್ಟರಲ್ಲಿ ನಮ್ಮ ಕರ್ನಾಟಕದ ಕಡೆಯಿಂದ ಹೋದವರು ಇದ್ದಾರೆ, ಅಮ್ಮನಿಗೆ ಅದನ್ನು ಹೇಳಿ, ಖುಷಿಪಡುತ್ತಾರೆ.

ದಾರಿ ಕಷ್ಟದ್ದೇನಲ್ಲ, ಉದ್ದದ್ದು. ಚಿಕ್ಕಬಳ್ಳಾಪುರದಲ್ಲಿ 44ನೇ ಹೆದ್ದಾರಿ ಹಿಡಿದರೆ ಅನಂತಪುರ, ಕರ್ನೂಲು, ಹೈದರಾಬಾದ್, ಆದಿಲಾಬಾದ್, ನಾಗ್ಪುರ, ಸಿವನಿ. ಅಲ್ಲಿಂದ ಜಬಲ್ಪುರ, ರೀವಾ, ವಾರಾಣಸಿ, ಗೋರಖಪುರ, ಸೋನೌಲಿ ಗಡಿ. ಗಡಿವರೆಗೆ 2,000 ಕಿ.ಮೀ. ಮೇಲೆ. ಹೈದರಾಬಾದಿನಲ್ಲಿ ಊರೊಳಗೆ ಹೋಗದೆ ಹೊರ ವರ್ತುಲ ರಸ್ತೆ ಹಿಡಿಯಿರಿ, ಉಳಿದ ಊರುಗಳಲ್ಲೂ ಬೈಪಾಸೇ. ದಿನಕ್ಕೆ 350 ಕಿ.ಮೀ.ಗಿಂತ ಹೆಚ್ಚು ಬೇಡ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಚಾಲಕನಿಗೆ ದಿನಕ್ಕೆ 8 ಗಂಟೆ ಕೆಲಸ, 5 ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ವಿರಾಮ ಅನ್ನುತ್ತಿತ್ತು. ಈ ಲೋಡಿಗೆ ನಾನು ಎರಡು ಗಂಟೆಗೊಮ್ಮೆ ನಿಲ್ಲಿಸಿ ಅನ್ನುತ್ತೇನೆ. ನಿಲ್ಲಿಸಿದಾಗ ಟೈರ್ ಮುಟ್ಟಿ ನೋಡಿ, ಬಾಗಿಲ ಹತ್ತಿರ ಮೂಗು ಇಟ್ಟು ವಾಸನೆ ನೋಡಿ, ಹಗ್ಗ ಸಡಿಲವಾಗಿದೆಯಾ ನೋಡಿ. ರಾತ್ರಿ ನಿಲ್ಲಿಸುವುದು ಮನೆಗಳಿಂದ, ಬಂಕಿನಿಂದ, ಬೇರೆ ಲಾರಿಗಳ ಸಾಲಿನಿಂದ ದೂರ, ಒಬ್ಬರು ಕಾವಲಿಗೆ. ಸ್ಫೋಟಕ, ಪೆಟ್ರೋಲಿಯಂ ಸುರಕ್ಷತೆ ನೋಡುವ ಪೆಸೊ ಸಂಸ್ಥೆಯ ಮುಖ್ಯ ಕಚೇರಿ ನಾಗ್ಪುರದಲ್ಲೇ ಇದೆ. ನಿಮ್ಮ ಥಿನ್ನರ್ 23 ಡಿಗ್ರಿಗಿಂತ ಕೆಳಗೆ ಹೊತ್ತಿಕೊಳ್ಳುವಂಥದ್ದಾದರೆ 2002ರ ಪೆಟ್ರೋಲಿಯಂ ನಿಯಮಗಳಲ್ಲಿ ಎ ವರ್ಗಕ್ಕೆ ಸೇರುತ್ತದೆ. ಸಂಗ್ರಹಕ್ಕೂ ಸಾಗಣೆಗೂ ಏನು ಬೇಕು ಅಂತ ಹೊರಡುವ ಮುಂಚೆಯೇ ಅವರಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಿ.

ಗಡಿಯ ಆಚೆ ಬೈರಹವಾ, ಬುಟ್ವಲ್, ದೌನ್ನೆ ಘಟ್ಟ, ನಾರಾಯಣಘಾಟ್, ಮುಗ್ಲಿಂಗ್, ಅಲ್ಲಿಂದ ತ್ರಿಶೂಲಿ ನದಿಯ ದಡ ಹಿಡಿದು ಕಾಠ್ಮಂಡು, ಸುಮಾರು 270 ಕಿ.ಮೀ. ಇದರ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಿಮ್ಮ ಗಾಡಿ ಬೈರಹವಾದ ಕಸ್ಟಮ್ಸ್ ಅಂಗಳದವರೆಗೆ ಸಾಕು. ಅಲ್ಲಿ ವ್ಯಾಪಾರಿಯೇ ಕಳಿಸಿದ ನೇಪಾಳದ ಗಾಡಿಗೆ ಲೋಡು ಬದಲಿಸಿ. ಆ ರಸ್ತೆಯಲ್ಲಿ ದಿನಾ ಓಡಾಡುವ ಚಾಲಕನಿಗೆ ಗೊತ್ತಿರುವ ತಿರುವು ನಿಮಗೆ ಗೊತ್ತಿಲ್ಲ. 2024ರ ಜುಲೈ 12ರಂದು ನಾರಾಯಣಘಾಟ್–ಮುಗ್ಲಿಂಗ್ ರಸ್ತೆಯ ಸಿಮಲ್‌ತಾಲದಲ್ಲಿ ಭೂಕುಸಿತ ಆಗಿ ಎರಡು ಬಸ್ಸುಗಳು ತ್ರಿಶೂಲಿಗೆ ಕೊಚ್ಚಿಹೋದವು. ಲೋಡು ಬದಲಿಸುವಾಗ ನೀವು ಎದುರಿಗೆ ನಿಂತು, ಟಿನ್ನುಗಳನ್ನು ಎಸೆಯದ ಹಾಗೆ ನೋಡಿಕೊಳ್ಳಿ. ಟ್ರೆಮ್ ಕಾರ್ಡು, ಫಲಕ ಎರಡನ್ನೂ ಆ ಚಾಲಕನಿಗೆ ದಾಟಿಸಿ, ಏನಿದೆ ಅಂತ ಬಾಯಿಬಿಟ್ಟು ಹೇಳಿ. ಬಾಡಿಗೆ ಸ್ವಲ್ಪ ಜಾಸ್ತಿ ಆಗುತ್ತದೆ. ಆಗಲಿ.

ಕಾಗದಪತ್ರ ಬೇಗ ಹೇಳಿ ಮುಗಿಸುತ್ತೇನೆ. ರಫ್ತಿಗೆ ಐಇಸಿ, ಅಂದರೆ ಆಮದು-ರಫ್ತುದಾರರ ಸಂಖ್ಯೆ ಬೇಕು. ಭೂಮಾರ್ಗದ ರಫ್ತಿಗೆ ಸಲ್ಲಿಸುವುದು ಶಿಪ್ಪಿಂಗ್ ಬಿಲ್ ಅಲ್ಲ, ಬಿಲ್ ಆಫ್ ಎಕ್ಸ್‌ಪೋರ್ಟ್. ಜಿಎಸ್‌ಟಿ ಕಟ್ಟದೆ ಕಳಿಸಲು ಎಲ್‌ಯುಟಿ, ಅಂದರೆ ಮುಚ್ಚಳಿಕೆ ಪತ್ರ ಮಾಡಿಸಿ. ಇ-ವೇ ಬಿಲ್ 200 ಕಿ.ಮೀ.ಗೆ ಒಂದು ದಿನದ ಲೆಕ್ಕ, ಹಾಗಾಗಿ ನಿಮಗೆ ಹತ್ತು ದಿನಕ್ಕೆ ಕಡಿಮೆ ಇರದು, ನಿಧಾನವಾಗಿ ಹೋಗಬಹುದು. ಗಾಡಿಯ ವಿಮೆ ಮಾಮೂಲಾಗಿ ಭಾರತದೊಳಗೆ ಮಾತ್ರ. ಹೆಚ್ಚುವರಿ ಪ್ರೀಮಿಯಂ ಕಟ್ಟಿ ನೇಪಾಳಕ್ಕೆ ವಿಸ್ತರಿಸಿಕೊಳ್ಳಬಹುದು, ಅಂಗಳದವರೆಗೆ ಹೋದರೂ ಅದು ಬೇಕು. ಅಪಾಯಕಾರಿ ಸರಕು ಸಾಗಿಸುತ್ತೇನೆ ಅಂತ ವಿಮೆಯವರಿಗೆ ಬರೆದು ಕೊಡಿ. ಮುಚ್ಚಿಟ್ಟರೆ ಅವರು ಕೈ ಎತ್ತುತ್ತಾರೆ. ಗಡಿ ದಾಟಲು ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಇಟ್ಟುಕೊಳ್ಳಿ, ನಿಮ್ಮ ವಯಸ್ಸಿನವರಿಗೆ ಆಧಾರ್ ನಡೆಯಲ್ಲ. ನೇಪಾಳದ ಕಡೆಯ ಆಮದು ಅನುಮತಿ, ಎಕ್ಸಿಮ್ ಕೋಡ್ (ಅಲ್ಲಿನ ಆಮದು-ರಫ್ತುದಾರರ ಸಂಖ್ಯೆ) ಎಲ್ಲ ವ್ಯಾಪಾರಿಯ ಜವಾಬ್ದಾರಿ. ಅವರ ಅನುಮತಿಯ ಪ್ರತಿ ಕೈಗೆ ಬಂದ ಮೇಲೆ ಲೋಡು ಮಾಡಿ, ಅದಕ್ಕೆ ಮುಂಚೆ ಅಲ್ಲ. ಇಲ್ಲದಿದ್ದರೆ ಥಿನ್ನರ್ ಗಾಡಿ ಗಡಿಯ ಬಿಸಿಲಿನಲ್ಲಿ ನೂರಾರು ಲಾರಿಗಳ ನಡುವೆ ದಿನಗಟ್ಟಲೆ ನಿಲ್ಲುತ್ತದೆ. ನನಗೆ ಅತಿ ಹೆಚ್ಚು ಭಯ ಆಗುವುದು ಅದಕ್ಕೇ. ಇನ್‌ವಾಯ್ಸ್, ಬಿಲ್, ಇ-ವೇ, ಫಲಕ ಎಲ್ಲದರ ಮೇಲೂ ಒಂದೇ ಹೆಸರು, ಒಂದೇ ಯುಎನ್ ಸಂಖ್ಯೆ ಇರಲಿ. ಹಾಗೆ ಬರೆಯಲು ಒಪ್ಪದ ಏಜೆಂಟ್ ಇದ್ದರೆ ಏಜೆಂಟನ್ನೇ ಬದಲಿಸಿ.

ಇನ್ನು ದಿನಾಂಕ. ದಸರಾಗೆ ಮುಂಚೆ ಅಂದರೆ ನೇಪಾಳದ ಗುಡ್ಡಗಳಲ್ಲಿ ಮಳೆ ಪೂರ್ತಿ ನಿಂತಿರುವುದಿಲ್ಲ. ದಸರಾ ಸಮಯದಲ್ಲಿ ಅವರ ದಶೈಂ, ಎಲ್ಲರೂ ಊರಿಗೆ ಹೋಗುವ ಹಬ್ಬ. ಕಚೇರಿ ಕೆಲಸ ನಿಧಾನ, ರಸ್ತೆ ತುಂಬ ಬಸ್ಸು. ಅದು ಮುಗಿದರೆ ದೀಪಾವಳಿ, ಉತ್ತರ ಪ್ರದೇಶದ ರಸ್ತೆಯಲ್ಲಿ ಪಟಾಕಿ. ಥಿನ್ನರ್ ಗಾಡಿ ಆ ವಾರ ರಸ್ತೆಯಲ್ಲಿ ಇರಬಾರದು. ಆಮೇಲೆ ಛಠ್ ಹಬ್ಬ. ಡಿಸೆಂಬರ್ ಮಧ್ಯದಿಂದ ಗೋರಖಪುರದ ಬಯಲಿನಲ್ಲಿ ದಟ್ಟ ಮಂಜು, ಎದುರಿಗೆ ಏನಿದೆ ಅಂತ ಕಾಣಲ್ಲ. ಏಪ್ರಿಲ್, ಮೇನಲ್ಲಿ ನಾಗ್ಪುರದ ಬಿಸಿಲು. ಉಳಿಯುವುದು ನವೆಂಬರ್ ಮಧ್ಯದಿಂದ ಡಿಸೆಂಬರ್ ಮೊದಲ ವಾರದವರೆಗೆ, ಇಲ್ಲವೇ ಫೆಬ್ರುವರಿ ಕೊನೆ. ನವೆಂಬರ್ ಇಟ್ಟುಕೊಂಡರೆ ತರಬೇತಿ, ಗಾಡಿಯ ಕೆಲಸ, ಪೆಸೊ ಉತ್ತರ ಎಲ್ಲಕ್ಕೂ ಸಮಯ ಸಿಗುತ್ತದೆ.

ಕಾಠ್ಮಂಡುವಿನವರಿಗೆ ಇವತ್ತೇ ಫೋನ್ ಮಾಡಿ. ಹಬ್ಬಕ್ಕೆ ಮುಂಚೆ ಆಗುವುದಿಲ್ಲ, ನವೆಂಬರಿನಲ್ಲಿ ಬೈರಹವಾಗೆ ತಂದುಕೊಡುತ್ತೇನೆ, ಗಾಡಿ ನೀವು ಕಳಿಸಿ, ಪೆರಾಕ್ಸೈಡ್ ಬೇರೆಯಾಗಿ ಬರುತ್ತದೆ, ಬ್ಯಾಟರಿ ಅಲ್ಲೇ ಕೊಳ್ಳಿ ಅಂತ ಹೇಳಿ. ಅವರು ಒಪ್ಪಿದರೆ, ಥಿನ್ನರ್ ಮತ್ತು ಲ್ಯಾಕರ್ ಎರಡರ ಎಸ್‌ಡಿಎಸ್‌ನ 14ನೇ ಭಾಗ, ನೀವು ಬಳಸುವ ಟಿನ್ನಿನ ಮುಚ್ಚಳ ಮತ್ತು ತಳದ ಗುರುತಿನ ಫೋಟೋ ನನಗೆ ಕಳಿಸಿ. ಫಲಕಕ್ಕೆ ಬರೆಸಬೇಕಾದ ಮಾತು ಮತ್ತು ಕನ್ನಡದ ಟ್ರೆಮ್ ಹಾಳೆಯನ್ನು ನಾನೇ ಬರೆದು ಕೊಡುತ್ತೇನೆ.